ಮೂರನೆಯ ರಾಡಿನ ಕ್ಯಾಪು

ಜೂನ್ ೩

ಹಡಗಿನ ಸೆಕೆಂಡ್ ಎಂಜಿನಿಯರ್ ಸಾಹೇಬರಿಗೆ ಮನೆಯವಳು ಮಾಡುವ ವಂದನೆಗಳು.

ಮೊದಲು ಹೇಳಿಬಿಡುತ್ತೇನೆ, ಆಮೇಲೆ ಬೇಕಾದಷ್ಟು ಬೈಯಿರಿ. ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದ ಮಾವನವರ ಕರಿ ಕಾರಿನ ಎಂಜಿನ್ನನ್ನು ನಾವಿಬ್ಬರೂ ಹೊರಗೆ ತೆಗೆದಿದ್ದೇವೆ. ಪಕ್ಕದ ಲೇತ್ ಅಂಗಡಿಯವರು ಸರಪಳಿ ರಾಟೆ ತಂದು ಎತ್ತಿಕೊಟ್ಟರು. ಈಗ ಅದು ಮರದ ಅಡ್ಡೆಯ ಮೇಲೆ ಹೊಟ್ಟೆ ಬಗೆದುಕೊಂಡು ಕೂತಿದೆ. ಇದು ಯಾರ ತಲೆಗೆ ಹೊಳೆದದ್ದು ಎಂದು ಕೇಳಬೇಡಿ. ಮಾವನವರು ನನ್ನ ಹೆಸರು ಹೇಳುತ್ತಾರೆ, ನಾನು ಅವರ ಹೆಸರು ಹೇಳುತ್ತೇನೆ.

ಹೊಸ ಪಿಸ್ಟನ್ನುಗಳು, ರಿಂಗುಗಳು, ಬೇರಿಂಗ್ ಶೆಲ್ಲುಗಳು, ಎಲ್ಲವನ್ನೂ ಹಳೆಯ ಕಾರುಗಳಿಗೆ ಮಾಡಿಕೊಡುವ ಒಂದು ಕಾರ್ಖಾನೆಯಿಂದ ತರಿಸಿದೆವು. ಪಿಸ್ಟನ್ನು ಕೈಗೆತ್ತಿಕೊಂಡರೆ ಕಣ್ಣಿಗೊತ್ತಿಕೊಳ್ಳಬೇಕು, ಅಷ್ಟು ಚೆಂದ. ಆದರೆ ಹೊಟ್ಟೆಪಾಡಿಗೆ ಗಡಿಯಾರ ರಿಪೇರಿ ಮಾಡುವವಳು ನಾನು, ಚೆಂದ ಎಂದು ಸುಮ್ಮನಿರುವುದಕ್ಕಾಗುತ್ತದೆಯೇ? ಮೈಕ್ರೋಮೀಟರ್ ಹಿಡಿದೆ. ಒಂದು ಕಡೆ ಒಂದು ಅಳತೆ, ಅಡ್ಡ ತಿರುಗಿಸಿದರೆ ಇನ್ನೊಂದು! ನಾಲ್ಕೂ ಹಾಗೆಯೇ. ದುಂಡಗೇ ಇಲ್ಲ, ಒಂಚೂರು ಮೊಟ್ಟೆಯ ಹಾಗೆ. ದುಂಡಗಿನ ತೂತಿಗೆ ಮೊಟ್ಟೆ ತೂರಿಸಿ ಎಂದರೆ ಏನರ್ಥ? ವಾಪಸ್ ಕಳಿಸೋಣ ಎಂದು ಕೂತೆ. ಮಾವನವರು ಸ್ಟೂಲಿನ ಮೇಲೆ ಕೂತು ನಾನು ಓದಿ ಹೇಳಿದ ಅಂಕಿಗಳನ್ನು ಕೇಳಿಕೊಂಡು, “ಕಾರ್ಖಾನೆಯವರ ಜೊತೆ ಜಗಳ ಆಡೋಕೆ ಮುಂಚೆ ನಿನ್ನ ಗಂಡನಿಗೊಂದು ಮಾತು ಬರಿಯಮ್ಮ. ಅವನ ಓದು ಇನ್ಯಾವಾಗ ಉಪಯೋಗಕ್ಕೆ ಬರೋದು?” ಎಂದರು.

ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಎಲ್ಲರೂ ಆರೋಗ್ಯ.

ನಿಮ್ಮವಳು

*

ಜೂನ್ ೨೬

ಗಡಿಯಾರದ ಡಾಕ್ಟರಮ್ಮನಿಗೆ,

ಬೈಯುವುದಿಲ್ಲ. ನನಗೆ ಹೊಟ್ಟೆಕಿಚ್ಚು, ಅಷ್ಟೆ. ಚಿಕ್ಕಂದಿನಲ್ಲಿ ಆ ಎಂಜಿನ್ನಿನ ಮುಚ್ಚಳ ತೆಗೆಯುವಾಗ ಅಪ್ಪ ನನ್ನನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಸೊಸೆಗೆ ಮಾತ್ರ ಹೊಟ್ಟೆಯನ್ನೇ ಬಗೆದು ತೋರಿಸಿದ್ದಾರೆ!

ನಿನ್ನ ಮೈಕ್ರೋಮೀಟರ್ ಸುಳ್ಳು ಹೇಳಿಲ್ಲ, ಕಾರ್ಖಾನೆಯವರೂ ತಪ್ಪಿಲ್ಲ. ಪಿಸ್ಟನ್ನನ್ನು ಬೇಕೆಂದೇ ದುಂಡಗೆ ಮಾಡುವುದಿಲ್ಲ. ಅದರ ಹೊಟ್ಟೆಯಲ್ಲಿ ಪಿನ್ನು ತೂರುವ ಕಡೆ ಲೋಹ ದಪ್ಪ. ಬಿಸಿಯಾದಾಗ ಆ ಕಡೆ ಹೆಚ್ಚು ಹಿಗ್ಗುತ್ತದೆ. ಎಷ್ಟು ಹಿಗ್ಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ ಅಷ್ಟನ್ನು ಕಡಿಮೆ ಮಾಡಿ ಕೊರೆದಿರುತ್ತಾರೆ. ಅಂದರೆ ನಿನ್ನ ಕೈಯಲ್ಲಿರುವುದು ಇನ್ನೂ ಪೂರ್ತಿ ಆಗದ ಆಕಾರ. ಬೆಂಕಿಯ ನಡುವೆ ಓಡಾಡುವಾಗ ಮಾತ್ರ ಅದು ಸರಿಯಾಗಿ ದುಂಡಗಾಗುವುದು, ನಿಂತು ತಣ್ಣಗಾದರೆ ಮತ್ತೆ ಮೊಟ್ಟೆ. ಹಾಗಾಗಿ ಅದು ದುಂಡಗಾದದ್ದನ್ನು ಕಣ್ಣಾರೆ ಕಂಡವರು ಯಾರೂ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದ್ದೆ.

ಹೋದ ವಾರ ಇಲ್ಲಿ ಒಂದು ಸಿಲಿಂಡರ್ ಬಿಚ್ಚಿದ್ದೆವು. ಅಳತೆ ತೆಗೆಯಲು ನಾನೇ ಒಳಗೆ ಇಳಿದೆ. ಹೌದು, ಏಣಿ ಹಾಕಿಕೊಂಡು! ಒಳಗೆ ನಿಂತು ಕೈ ಮೇಲೆತ್ತಿದರೂ ಅಂಚು ಸಿಗಲಿಲ್ಲ. ಸುತ್ತ ಕನ್ನಡಿಯಂಥ ಗೋಡೆ, ಮೇಲೆ ಒಂದು ತುಂಡು ಬೆಳಕು. ಪಿಸುಗುಟ್ಟಿದ್ದೂ ತಿರುಗಿ ಬಂದು ಕಿವಿಗೆ ಬಡಿಯುತ್ತದೆ. ನಿನ್ನ ಎಂಜಿನ್ನಿನಲ್ಲಿ ಮುಷ್ಟಿ ಗಾತ್ರದ್ದು, ಇಲ್ಲಿ ಕೋಣೆ ಗಾತ್ರದ್ದು, ಎರಡೂ ಒಂದೇ ಜಾತಿ. ಆ ಹೊತ್ತಿಗೆ ನೀನು ಜೊತೆಗಿರಬೇಕಿತ್ತು ಅನ್ನಿಸಿತು.

ಪಿಸ್ಟನ್ನಿನ ತಲೆಯ ಮೇಲೆ ಸಣ್ಣ ಬಾಣದ ಗುರುತು ಇರುತ್ತದೆ. ಅದು ಎಂಜಿನ್ನಿನ ಮುಂಭಾಗಕ್ಕೆ ಇರಬೇಕು. ಎಲ್ಲವನ್ನೂ ಒಮ್ಮೆ ಅಪ್ಪನ ಕಣ್ಣಿಗೆ ಹಾಕು. ಗೇಜಿಗೆ ಸಿಗದ್ದು ಅವರ ಕಣ್ಣಿಗೆ ಸಿಗುತ್ತದೆ.

ನಿನ್ನವನು

*

ಜುಲೈ ೧೭

ಇವರಿಗೆ,

ನಿಮ್ಮ ಕಾಗದವನ್ನು ಮಾವನವರಿಗೆ ಗಟ್ಟಿಯಾಗಿ ಓದಿದೆ. “ಬೆಂಕೀಲಿ ದುಂಡಗಾಗುತ್ತಂತಾ? ಇಷ್ಟು ವರ್ಷ ಟ್ಯಾಕ್ಸಿ ಓಡಿಸಿದೆ, ನನಗ್ಯಾರೂ ಹೇಳಲೇ ಇಲ್ವಲ್ಲ!” ಎಂದು ಪಿಸ್ಟನ್ನನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸುತ್ತಲೇ ಕೂತರು. ಚಹಾ ಆರಿ ತಣ್ಣಗಾಯಿತು.

ರಿಂಗು ಹಾಕುವ ಮುಂಚೆ ಒಂದು ಪಿಸ್ಟನ್ನಿಗೆ ಎಣ್ಣೆ ಸವರಿ ಸಿಲಿಂಡರಿನ ಬಾಯಲ್ಲಿ ಇಟ್ಟೆ. ಕೈ ಬಿಟ್ಟರೆ ಧೊಪ್ಪನೆ ಬೀಳುತ್ತದೆ ಎಂದುಕೊಂಡಿದ್ದೆ. ಬೀಳಲಿಲ್ಲ ಕಣ್ರೀ. ನಿದ್ದೆಗೆ ಜಾರುವವರ ಹಾಗೆ ತಾನೇ ತಾನಾಗಿ, ಮೆಲ್ಲಗೆ, ಉಸಿರು ಬಿಡುತ್ತಾ ಇಳಿಯಿತು. ಆ ಉಸಿರಿನ ಸದ್ದು ಕೇಳಿ ಮಾವನವರು, “ಸುಮ್ನಿರು, ಸುಮ್ನಿರು, ಕೇಳು” ಎಂದು ನನ್ನ ಕೈ ಹಿಡಿದುಕೊಂಡರು. ಬಾಣದ ಗುರುತಿನ ಮೇಲೆ ಅವರೇ ಉಗುರಾಡಿಸಿ, “ಸರಿಯಾಗಿದೆ ಅಂತ ಬರಿ” ಎಂದಿದ್ದಾರೆ.

ಖುಷಿ ಅಲ್ಲಿಗೇ ನಿಂತಿತು. ಪಿಸ್ಟನ್ನಿನ ಕಾಲುಗಳಂಥ ರಾಡುಗಳನ್ನೆಲ್ಲ ಕ್ರ್ಯಾಂಕಿಗೆ, ಆ ತಿರುಗುವ ದಂಡಕ್ಕೆ, ಕೂರಿಸಿ, ಅರ್ಧ ಬಳೆಯಂಥ ಹೊಸ ಶೆಲ್ಲುಗಳನ್ನು ಇಟ್ಟು, ಕೆಳಗಿಂದ ತಬ್ಬಿ ಹಿಡಿಯುವ ಕ್ಯಾಪುಗಳನ್ನು ಬಿಗಿದೆ. ತಿರುಗಿಸಲು ಹೋದರೆ ಕ್ರ್ಯಾಂಕು ಮಿಸುಕಲಿಲ್ಲ. ಒಂದೊಂದೇ ಕ್ಯಾಪನ್ನು ಸಡಿಲ ಮಾಡುತ್ತಾ ನೋಡಿದೆ. ಮೂರನೆಯದನ್ನು ಸಡಿಲ ಮಾಡಿದರೆ ಬುಗುರಿಯಂತೆ ತಿರುಗುತ್ತದೆ, ಬಿಗಿದರೆ ಕಲ್ಲು. ಆ ಶೆಲ್ಲನ್ನು ಬೇರೆ ರಾಡಿಗೆ ಹಾಕಿದರೆ ಅಲ್ಲಿ ಸರಿಯಾಗಿ ಕೂರುತ್ತದೆ. ಬೇರೆ ಶೆಲ್ಲನ್ನು ಇಲ್ಲಿಗೆ ತಂದರೂ ಬಿಗಿಯೇ. ತಲೆ ಕೆಟ್ಟುಹೋಗಿದೆ.

ಲೇತ್ ಅಂಗಡಿಯವರು, “ಇದಕ್ಯಾಕೆ ಇಷ್ಟು ಯೋಚನೆ? ಕಾರಿಗೆ ಕೂರಿಸಿ ಸ್ಟಾರ್ಟ್ ಮಾಡಿ, ಓಡ್ತಾ ಓಡ್ತಾ ತಾನೇ ಸವೆದು ಸಡಿಲ ಆಗುತ್ತೆ” ಎನ್ನುತ್ತಾರೆ. ಹಾಗೇ ಮಾಡಿಬಿಡಲೇ?

ನಿಮ್ಮವಳು

*

ಆಗಸ್ಟ್ ೨೧

ಕಾಗದ ತಲುಪಿತು.

ಸ್ಟಾರ್ಟ್ ಮಾಡಬೇಡ. ಯಾವ ಕಾರಣಕ್ಕೂ ಮಾಡಬೇಡ. ಬಿಗಿಯಾಗಿರುವ ಬೇರಿಂಗ್ ಸವೆಯುವುದಿಲ್ಲ, ಸುಡುತ್ತದೆ. ಲೇತ್ ಅಂಗಡಿಯವರಿಗೆ ಏನು ಗೊತ್ತು? ಗೊತ್ತಿಲ್ಲದ ಕೆಲಸಕ್ಕೆ ಕೈ ಹಾಕುವ ಮುಂಚೆ ಹತ್ತು ಸಲ ಯೋಚಿಸಬೇಕು. ಆ ಎಂಜಿನ್ನಿನ ಹತ್ತಿರ ಅಪ್ಪನನ್ನು ಕೂರಿಸಬೇಡ.

ನಾನು ಚೆನ್ನಾಗಿದ್ದೇನೆ. ಕೆಲಸ ಹೆಚ್ಚು.

*

ಸೆಪ್ಟೆಂಬರ್ ೯

ಇವರಿಗೆ,

ನಿಮ್ಮ ನಾಲ್ಕು ಸಾಲು ಬಂತು. ಬೈಯುವುದಿಲ್ಲ ಎಂದು ಬರೆದವರು ಎರಡು ತಿಂಗಳಲ್ಲಿ ಮನಸ್ಸು ಬದಲಾಯಿಸಿದಿರಿ. ಗೊತ್ತಿಲ್ಲದ ಕೆಲಸ ಎಂದಿರಿ. ಸರಿ, ನನಗೆ ಗೊತ್ತಿರುವುದು ಗಡಿಯಾರ ಮಾತ್ರ. ನಿಮ್ಮ ಅಪ್ಪನ ಕಾರನ್ನು ನಿಮ್ಮನ್ನು ಕೇಳದೆ ಮುಟ್ಟಿದ್ದು ನನ್ನ ತಪ್ಪು. ಎಂಜಿನ್ನಿನ ಮೇಲೆ ಹಳೆಯ ಬೆಡ್‌ಶೀಟು ಹೊದಿಸಿ ಶೆಡ್ಡಿಗೆ ಬೀಗ ಹಾಕಿದ್ದೇನೆ. ಇನ್ನು ನೀವೇ ಬಂದು ಏನು ಬೇಕೋ ಮಾಡಿಕೊಳ್ಳಿ.

ಇಷ್ಟು ಬರೆದು ಅಂಟಿಸಿಬಿಡುತ್ತಿದ್ದೆ. ಮಾವನವರು ಬಿಡಲಿಲ್ಲ. “ಅವನ ಕಾಗದ ಇನ್ನೊಂದ್ಸಲ ಓದು” ಎಂದರು. ಓದಿದೆ. “ಇನ್ನೊಂದ್ಸಲ. ನಿಧಾನಕ್ಕೆ.” ಮತ್ತೆ ಓದಿದೆ. ಗೋಡೆಯ ಕಡೆ ಮುಖ ಮಾಡಿ ಕಿವಿಗೊಟ್ಟರು.

“ಇದು ಕೋಪ ಅಲ್ಲ ಕಣಮ್ಮ. ಹೆದರಿಕೆ.”

“ಅವರಿಗೆಂಥ ಹೆದರಿಕೆ ಮಾವ? ಏಣಿ ಹಾಕ್ಕೊಂಡು ಎಂಜಿನ್ ಒಳಗೇ ಇಳಿಯೋರು.”

“ಕೋಪ ಬಂದ್ರೆ ಅವನು ಉದ್ದುದ್ದ ಮಾತಾಡ್ತಾನೆ. ಚಿಕ್ಕೋನಿದ್ದಾಗ ಬಾವಿಗೆ ಬೀಳೋ ಹಾಗಾಗಿ ಮನೆಗೆ ಬಂದೋನು ಹೀಗೇ ಮಾತಾಡಿದ್ದ. ಊಟ ಬೇಡ, ಚೆನ್ನಾಗಿದೀನಿ, ಅಷ್ಟೇ. ಕೇಳಿ ಬರಿ, ಏನಾಯ್ತು ಅಂತ.”

ಅದಕ್ಕೆ ಮೇಲಿನದನ್ನು ಹೊಡೆದುಹಾಕದೆ ಹಾಗೇ ಬಿಟ್ಟು, ಕೆಳಗೆ ಕೇಳುತ್ತಿದ್ದೇನೆ. ಏನಾಯಿತು?

*

ಅಕ್ಟೋಬರ್ ೨

ನನ್ನ ಡಾಕ್ಟರಮ್ಮನಿಗೆ,

ಅಪ್ಪ ಸರಿಯಾಗಿಯೇ ಹೇಳಿದ್ದಾರೆ.

ನಿನ್ನ ಜುಲೈ ಕಾಗದ ಬರುವ ಮುಂಚಿನ ವಾರ ಇಲ್ಲಿ ಎಂಜಿನ್ ರೂಮಿನಲ್ಲಿ ಸ್ಫೋಟವಾಯಿತು. ಹೊಸದಾಗಿ ಹಾಕಿದ ಒಂದು ಬೇರಿಂಗ್ ಬಿಗಿಯಾಗಿತ್ತು. ಯಾರಿಗೂ ತಿಳಿಯಲಿಲ್ಲ. ಅದು ಕಾದು ಕೆಂಪಾಗಿ, ಒಳಗಿನ ಎಣ್ಣೆಯ ಆವಿಗೆ ಕಿಡಿ ತಗುಲಿತು. ಎಂಜಿನ್ನಿನ ಮೈಗಿದ್ದ ಕಬ್ಬಿಣದ ಬಾಗಿಲೊಂದು ಕಾಗದದಂತೆ ಹಾರಿಹೋಯಿತು. ಬೆಂಕಿ ಹೊರಗೆ ನಾಲಿಗೆ ಚಾಚಿ, ನೋಡನೋಡುತ್ತಿದ್ದಂತೆ ಒಳಗೆ ಹೋಯಿತು. ಪಾಳಿ ನನ್ನದು. ನಾನು ಕಂಬದ ಮರೆಯಲ್ಲಿದ್ದೆ. ಎಂಜಿನ್ನಿಗೆ ಎಣ್ಣೆ ಹಾಕುವ ನಮ್ಮ ಹುಡುಗ, ಯಾವಾಗಲೂ ಹಾಡು ಗುನುಗುತ್ತಾನೆಂದು ನಾವೆಲ್ಲ ‘ರೇಡಿಯೋ’ ಎಂದು ಕರೆಯುವವನು, ಬಾಗಿಲಿನ ಎದುರಿಗಿದ್ದ. ಎದೆ, ತೋಳು ಸುಟ್ಟವು. ಬಂದರಿನ ಆಸ್ಪತ್ರೆಯಲ್ಲಿದ್ದಾನೆ. ಬದುಕುತ್ತಾನೆ ಎಂದು ಈಗ ಹೇಳಿದ್ದಾರೆ.

ಹಡಗು ರಿಪೇರಿಯಾಯಿತು. ನಾನು ಆಗಲಿಲ್ಲ. ಎಂಜಿನ್ ರೂಮಿನ ಬಾಗಿಲವರೆಗೆ ಹೋಗುತ್ತೇನೆ. ಹಿಡಿಕೆ ಮುಟ್ಟಿ ವಾಪಸ್ ಬರುತ್ತೇನೆ. ಚೀಫ್ ಎಂಜಿನಿಯರ್ ಒಳ್ಳೆಯವರು, ಏನೂ ಕೇಳದೆ ಉಗ್ರಾಣದ ಕೆಲಸಕ್ಕೆ ಹಾಕಿದ್ದಾರೆ. ನಟ್ಟು ಬೋಲ್ಟುಗಳನ್ನು ಡಬ್ಬಿಗಳಿಗೆ ತುಂಬುತ್ತೇನೆ. ಇದನ್ನು ನಿನಗೆ ಹೇಗೆ ಬರೆಯಲಿ? ಅಂಥ ಹೊತ್ತಿನಲ್ಲಿ ಬಿಗಿಯಾದ ಬೇರಿಂಗನ್ನು ಓಡಿಸಿಬಿಡಲೇ ಎಂದು ಕೇಳಿದ್ದೆ ನೀನು. ಅಪ್ಪನೂ ನೀನೂ ಅದರ ಎದುರಿಗೆ ನಿಂತಂತೆ ಕಂಡಿತು.

ಈಗ ನಿನ್ನ ಮೂರನೆಯ ರಾಡು. ಶೆಲ್ಲಿನದಲ್ಲ, ಕ್ರ್ಯಾಂಕು ಸವೆದು ಸಣ್ಣದಾಗುತ್ತದೆಯೇ ಹೊರತು ದಪ್ಪವಾಗುವುದಿಲ್ಲ, ಹಾಗಾದರೆ ರಾಡಿನದೇ ದೋಷ. ಖಾತ್ರಿ ಮಾಡಿಕೊಳ್ಳಲು ನಮ್ಮಲ್ಲಿ ಬಿಚ್ಚಿಟ್ಟಿರುವ ಹಳೆಯ ರಾಡನ್ನು ನೋಡಬೇಕಿತ್ತು. ಅದು ಇರುವುದು ಕೆಳಗೆ. ನಿನ್ನೆ ಬಾಗಿಲು ತೆರೆದು ಏಣಿ ಇಳಿದೆ. ಅರ್ಧ ದಾರಿಗೆ ಒಂದು ಕಟ್ಟೆ ಇದೆ. ಅಲ್ಲಿಗೆ ಸಾಕಾಯಿತು, ಕೂತುಬಿಟ್ಟೆ. ಆದರೆ ರಾಡು ಅಲ್ಲಿಂದ ಕಾಣುತ್ತಿತ್ತು. ಶೆಲ್ಲು ತೆಗೆದು ಬರೀ ಕ್ಯಾಪು ಬಿಗಿದು ತೂತನ್ನು ಮೇಲಿಂದ ಕೆಳಕ್ಕೆ ಅಳೆ, ಆಮೇಲೆ ಅಡ್ಡ ಅಳೆ. ಮೇಲಿಂದ ಕೆಳಕ್ಕೆ ಕಡಿಮೆ ಬಂದರೆ ಯಾರೋ ಎಂದೋ ಕ್ಯಾಪಿನ ಮುಖವನ್ನು ಉಜ್ಜಿದ್ದಾರೆ ಎಂದರ್ಥ. ಪಿಸ್ಟನ್ನು ಮೊಟ್ಟೆಯಾಗಿರಬಹುದು, ಇದು ಮೊಟ್ಟೆಯಾಗಿರಬಾರದು.

ಅಪ್ಪ ಒಂದು ಸಾಲನ್ನೂ ಯಾಕೆ ಬರೆಯುತ್ತಿಲ್ಲ? ನನ್ನ ಮೇಲೆ ಮುನಿಸೇ?

ನಿನ್ನವನು

*

ಅಕ್ಟೋಬರ್ ೨೯

ಇವರಿಗೆ,

ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ನಾನು ಇಲ್ಲಿ ನಾಲ್ಕು ಸಾಲಿಗೆ ಮುಖ ಊದಿಸಿಕೊಂಡು ಕೂತಿದ್ದೆ, ನೀವು ಅಲ್ಲಿ... ಬಿಡಿ. ರೇಡಿಯೋ ಅವರು ಮತ್ತೆ ಹಾಡಲಿ ಎಂದು ಮಾವನವರು ಹಾರೈಸಿದ್ದಾರೆ. ಮುನಿಸೇನೂ ಇಲ್ಲ. ಪೆನ್ನು ಹಿಡಿಯಲು ಅವರಿಗೆ ಈಗ ಬೇಸರ, ಅಷ್ಟೆ.

ಬೀಗ ತೆಗೆದೆವು. ಅಳೆದೆ. ನೀವು ಅರ್ಧ ಏಣಿಯಲ್ಲಿ ಕೂತು ಹೇಳಿದ್ದು ನೂರಕ್ಕೆ ನೂರು ನಿಜ! ಮೇಲಿಂದ ಕೆಳಕ್ಕೆ ಕೂದಲೆಳೆಯಷ್ಟು ಕಡಿಮೆ. ಆದರೆ ಕ್ಯಾಪಿನ ಮುಖದ ಮೇಲೆ ಅರದ ಗುರುತೇ ಕಾಣಲಿಲ್ಲ. ಮಾವನವರ ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ಮೆಲ್ಲಗೆ ಸವರುತ್ತಿದ್ದವರು ಒಂದು ಕಡೆ ನಿಲ್ಲಿಸಿದರು. ಮತ್ತೆ ಸವರಿದರು. ನಗಲು ಶುರು ಮಾಡಿದರು, ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು.

“ಅರ ಅಲ್ಲ ಕಣಮ್ಮ, ಇದು ಕಲ್ಲು. ನಾನೇ ಉಜ್ಜಿದ್ದು. ನಿನ್ನ ಗಂಡ ಹುಟ್ಟಿದ ದಿನ.”

ಇದು ನಿಮಗೆ ಗೊತ್ತಿತ್ತೇ? ನನಗಂತೂ ಯಾರೂ ಹೇಳಿರಲಿಲ್ಲ. ಅತ್ತೆಗೆ ನೋವು ಶುರುವಾಗಿ ಆಸ್ಪತ್ರೆಗೆ ಕರೆದುಕೊಂಡು ಹೊರಟಿದ್ದಾರೆ. ಅರ್ಧ ದಾರಿಯಲ್ಲಿ ಬೇರಿಂಗ್ ಸವೆದು ಬಡಿಯತೊಡಗಿತಂತೆ. ಇನ್ನೂ ಓಡಿಸಿದರೆ ರಾಡೇ ಮುರಿದು ಹೊರಗೆ ಬರುವಂಥ ಬಡಿತ. ಮುಂದೆ ಹಿಂದೆ ಒಂದು ಗಾಡಿ ಇಲ್ಲ. ಮಾವನವರು ಕಾರಿನ ಕೆಳಗೆ ತೂರಿ, ಎಣ್ಣೆಯ ತಟ್ಟೆ ಬಿಚ್ಚಿ, ಬಿಸಿ ಎಣ್ಣೆ ಮೈಮೇಲೆ ಸುರಿಸಿಕೊಂಡು, ಈ ಕ್ಯಾಪು ಕಳಚಿ, ಮೋರಿಯ ಕಟ್ಟೆಕಲ್ಲಿಗೆ ಉಜ್ಜಿದ್ದಾರೆ. ಉಜ್ಜಿ, ಹಾಕಿ ನೋಡಿ, ಮತ್ತೆ ಉಜ್ಜಿ, ಸಡಿಲ ಹೋಗುವವರೆಗೆ. ಹಿಂದಿನ ಸೀಟಿನಿಂದ ಅತ್ತೆ, “ಮೊದಲು ಯಾರಿಗೆ ಹೆರಿಗೆ ಮಾಡಿಸ್ತೀರಿ ಅಂತ ತೀರ್ಮಾನ ಮಾಡಿ, ಕಾರಿಗೋ ನನಗೋ!” ಎಂದು ಕೂಗಿದರಂತೆ. ಆ ನೋವಿನಲ್ಲಿ ತಮಾಷೆ! ನಾನು ಮದುವೆಯಾಗಿ ಬರುವಷ್ಟರಲ್ಲಿ ತೀರಿಕೊಂಡಿದ್ದ ಅವರನ್ನು ನೋಡಲೇ ಇಲ್ಲವಲ್ಲ ಎಂದು ಎಂದೂ ಇಲ್ಲದಷ್ಟು ಬೇಸರವಾಯಿತು.

ನೀವು ಆಸ್ಪತ್ರೆಯ ಮೆಟ್ಟಿಲ ಹತ್ತಿರವೇ ಹುಟ್ಟಿದಿರಂತೆ. ಆಮೇಲೆ ಹಾಕಿದ ಶೆಲ್ಲುಗಳನ್ನೆಲ್ಲ ಮೆಕ್ಯಾನಿಕ್ಕುಗಳು ಆ ಮೊಟ್ಟೆಗೆ ಹೊಂದುವಂತೆ ಕೆರೆದೇ ಕೂರಿಸುತ್ತಿದ್ದರಂತೆ. ಕೆರೆಯದ ನಮ್ಮ ಹೊಸದು ಮಾತ್ರ ಒಪ್ಪಲಿಲ್ಲ.

ಆ ಕ್ಯಾಪನ್ನು ಅಂಗೈಯಲ್ಲಿಟ್ಟು ತೂಗಿ ನೋಡಿದೆ. ಕೂದಲೆಳೆಯಷ್ಟು ಕಬ್ಬಿಣ ಅಲ್ಲಿ ಇಲ್ಲ. ಅದು ಇಲ್ಲದ್ದರಿಂದ ನೀವು ಇದ್ದೀರಿ. ಇಂಥದ್ದನ್ನು ದೋಷ ಎಂದು ಹೇಗೆ ಕರೆಯುವುದು?

ಆದರೂ ಸರಿಪಡಿಸಬೇಕಲ್ಲ. ಗಡಿಯಾರದ ಕೆಲಸಕ್ಕೆಂದು ಇಟ್ಟಿದ್ದ ತೆಳು ಹಿತ್ತಾಳೆ ತಗಡನ್ನು ಕತ್ತರಿಸಿ, ಕಲ್ಲು ತಿಂದಷ್ಟೇ ದಪ್ಪಕ್ಕೆ ತಂದು, ಕ್ಯಾಪಿಗೂ ರಾಡಿಗೂ ನಡುವೆ ಎರಡೂ ಕಡೆ ಇಟ್ಟೆ. ಶೆಲ್ಲಿನ ಅಂಚಿಗೆ ತಾಗದ ಹಾಗೆ. ಬಿಗಿದೆ. ತೂತು ದುಂಡಗೆ ಬಂತು. ಈಗ ಕ್ರ್ಯಾಂಕನ್ನು ಒಂದೇ ಕೈಯಲ್ಲಿ ತಿರುಗಿಸಬಹುದು.

ಸ್ಟಾರ್ಟ್ ಮಾಡಿಲ್ಲ. ಮಾವನವರು ಬೇಡ ಎಂದರು. “ಅವನು ಪೂರ್ತಿ ಕೆಳಗಿಳಿದೆ ಅಂತ ಬರೀಲಿ, ಆಮೇಲೆ. ಇದು ಇಷ್ಟು ವರ್ಷ ಕಾದಿದೆ, ಇನ್ನೂ ಕಾಯುತ್ತೆ. ಅವಸರ ಇಲ್ಲ ಅಂತಾನೂ ಬರಿ.”

ಬರೆದಿದ್ದೇನೆ. ಅವಸರ ಇಲ್ಲ.

ನಿಮ್ಮವಳು

*

ನವೆಂಬರ್ ೨೦

ನಿನ್ನ ಕಾಗದವನ್ನು ಆ ಕಟ್ಟೆಯ ಮೇಲೆಯೇ ಕೂತು ಓದಿದೆ. ದಿನಾ ಅಲ್ಲಿಯವರೆಗೆ ಬರುವುದು ರೂಢಿಯಾಗಿತ್ತು.

ಅಪ್ಪ ಇದನ್ನು ಒಮ್ಮೆಯೂ ನನಗೆ ಹೇಳಿಲ್ಲ. ಯಾಕೆ ಹೇಳಲಿಲ್ಲವೋ. ಬಿಸಿ ಎಣ್ಣೆ ಸುರಿಯುತ್ತಿರುವಾಗ ಎಂಜಿನ್ನಿನ ಕೆಳಗೆ ಮಲಗಿ, ಕೈ ನಡುಗದೆ ಹೇಗೆ ಉಜ್ಜಿದರು? ಅಥವಾ ನಡುಗುತ್ತಲೇ ಉಜ್ಜಿದರೇ? ಇದನ್ನು ಯೋಚಿಸುತ್ತಾ ಎದ್ದೆ. ಮೇಲಕ್ಕೆ ಹೋಗಲೆಂದೇ ಎದ್ದದ್ದು. ಕಾಲು ಕೆಳಕ್ಕೆ ಹೋಯಿತು.

ಚೀಫ್ ಅಲ್ಲಿದ್ದರು. ನನ್ನನ್ನು ನೋಡಿ, “ಬಂದಿರಾ? ಆ ಟಾರ್ಚ್ ಸ್ವಲ್ಪ ಹಿಡ್ಕೊಳ್ಳಿ” ಎಂದರು. ಅಷ್ಟೆ. ಹಿಡಿದುಕೊಂಡೆ. ಪಾಳಿ ಮುಗಿಯುವ ಹೊತ್ತಿಗೆ ಎಂಜಿನ್ನಿನ ಹೊಸ ಬಾಗಿಲಿನ ಮೇಲೆ ಅಂಗೈ ಊರಿ ನಿಂತೆ. ಅದರಾಚೆ ಮನೆಯಷ್ಟು ದೊಡ್ಡ ಲೋಹ ತಿರುಗುತ್ತಿದೆ, ನಡುವೆ ಇರುವುದು ಎಣ್ಣೆಯ ಒಂದು ತೆಳು ಪೊರೆ. ಆ ಪೊರೆಯ ಮೇಲೆ ಇಡೀ ಹಡಗು, ನಾವೆಲ್ಲರೂ, ಸಮುದ್ರ ದಾಟುತ್ತಿದ್ದೇವೆ. ಹೆದರಿಕೆ ಹೋಗಿಲ್ಲ. ಆದರೆ ಅದರ ಪಕ್ಕದಲ್ಲೇ ಬೇರೊಂದು ಇದೆ, ಮೊದಲ ಸಲ ಸಿಲಿಂಡರಿಗೆ ಇಳಿದಾಗ ಇದ್ದದ್ದು.

ವರ್ಷದ ಕೊನೆಗೆ ನಮ್ಮ ಬಂದರಿಗೆ ಬರುತ್ತೇವೆ. ಮೂವತ್ತನೇ ತಾರೀಕು ಎಂದಿದ್ದಾರೆ.

ಸ್ಟಾರ್ಟ್ ಮಾಡಿ.

*

ಡಿಸೆಂಬರ್ ೧೦

ಇವರಿಗೆ,

ಮಾಡಿದೆವು!

ರಾಟೆಯಿಂದ ಮತ್ತೆ ಕಾರಿಗೆ ಇಳಿಸಿ ಕೂರಿಸಿದ ಎಂಜಿನ್ನು ಮೊದಲು ಸೀನಿತು. ಆಮೇಲೆ ಕೆಮ್ಮಿತು. ಲೇತ್ ಅಂಗಡಿಯವರು ಹಿಡಿಕೆ ತಿರುಗಿಸಿ ಸುಸ್ತಾಗಿ, “ಇನ್ನೊಂದೇ ಸಲ” ಎಂದರು. ಆ ಸಲ ಹತ್ತಿಕೊಂಡಿತು. ಹೊಗೆ ಹೋದ ಮೇಲೆ ಸದ್ದು ತಾನೇ ತಿಳಿಯಾಯಿತು. ಎಷ್ಟು ತಿಳಿ ಎಂದರೆ ಶೆಡ್ಡಿನಲ್ಲಿ ನಾವು ಮೂವರೂ ಪಿಸುಮಾತಿನಲ್ಲಿ ಮಾತಾಡತೊಡಗಿದೆವು. ಮಾವನವರು ಎಂಜಿನ್ನಿಗೆ ಅಂಗೈ ಊರಿ, ಮೂರನೆಯ ಸಿಲಿಂಡರಿನ ನೇರಕ್ಕೆ, ಬಹಳ ಹೊತ್ತು ನಿಂತರು. “ಈಗ ದುಂಡಗಾಗಿರುತ್ತೆ ಅಲ್ವಾ?” ಎಂದರು.

ಮುಂದೆ ನನ್ನ ಪಕ್ಕದಲ್ಲಿ ಕೂರಿ ಎಂದರೆ ಕೇಳಲಿಲ್ಲ. “ಜೀವಮಾನ ಪೂರ್ತಿ ಬೇರೆಯವರನ್ನ ಹಿಂದೆ ಕೂರಿಸಿದೀನಿ. ಇವತ್ತು ನಾನು ಕೂತ್ಕೋತೀನಿ, ನೀನು ನಡೆಸು” ಎಂದು ಹಿಂದಿನ ಸೀಟು ಹತ್ತಿದರು. ಊರೆಲ್ಲ ಸುತ್ತಿದೆವು. “ಈಗ ಬೇಕರಿ ಬಂತು. ಈಗ ಇಳಿಜಾರು, ಬ್ರೇಕು ಮೆಲ್ಲಗೆ” ಎಂದು ನನಗಿಂತ ಮುಂಚೆ ಅವರೇ ಹೇಳುತ್ತಿದ್ದರು.

ನೀವು ರೈಲಿನ ಗೊಡವೆಗೆ ಹೋಗಬೇಡಿ. ಬಂದರಿಗೆ ನಾವೇ ಬರುತ್ತೇವೆ.

ನಿಮ್ಮವಳು

*

ಡಿಸೆಂಬರ್ ೩೦, ಹಡಗಿನಿಂದ, ದಡದ ಎದುರಿಗೆ

ಇದನ್ನು ಅಂಚೆಗೆ ಹಾಕುವುದಿಲ್ಲ. ಜಾಗ ಖಾಲಿ ಇಲ್ಲವೆಂದು ನಮ್ಮನ್ನು ಹೊರಗೇ ನಿಲ್ಲಿಸಿದ್ದಾರೆ. ದೋಣಿ ಬರುವವರೆಗೆ ಸುಮ್ಮನಿರಲಾಗದೆ ಬರೆಯುತ್ತಿದ್ದೇನೆ. ನಿನ್ನ ಕೈಗೇ ಕೊಡುತ್ತೇನೆ.

ದುರ್ಬೀನಿನಲ್ಲಿ ಮೊದಲು ಕಾರು ಕಂಡಿತು. ಬಂದರಿನ ಕಟ್ಟೆಯ ಮೇಲೆ ಕಪ್ಪಗೆ ಮಿಂಚುತ್ತಾ ನಿಂತಿತ್ತು. ಪಕ್ಕದಲ್ಲಿ ನೀನು, ಅಪ್ಪ. ಅಪ್ಪ ಕೈ ಬೀಸುತ್ತಿದ್ದರು. ನಾನೂ ಬೀಸಿದೆ. ಆಮೇಲೆ ಗಮನಿಸಿದೆ, ಅವರು ಬೀಸುತ್ತಿದ್ದುದು ನಮ್ಮ ಹಡಗಿಗಲ್ಲ. ಬಲಗಡೆ ಬಹಳ ದೂರದಲ್ಲಿದ್ದ ಎಣ್ಣೆ ಹಡಗಿಗೆ. ನೀನು ಅವರ ಭುಜ ಹಿಡಿದು ಮೆಲ್ಲಗೆ ನಮ್ಮ ಕಡೆಗೆ ತಿರುಗಿಸಿದೆ. ಅವರು ತಲೆಯಾಡಿಸಿ ಮತ್ತೆ ಬೀಸತೊಡಗಿದರು.

ದುರ್ಬೀನು ಕೆಳಗಿಟ್ಟೆ. ನಿನ್ನ ಕಾಗದಗಳನ್ನು ತೆಗೆದು ಮೊದಲಿನಿಂದ ಓದಿದೆ. ನಾನು ಹೊರಡುವಾಗ ಅಪ್ಪ ಕನ್ನಡಕದ ನಂಬರು ಹೆಚ್ಚಾಗಿದೆ ಎಂದು ನಗುತ್ತಿದ್ದರಲ್ಲ, ಅದು ಇಷ್ಟಕ್ಕೆ ಬಂದಿದೆ. ನೀನು ಅಂಕಿ ಓದಿ ಹೇಳಿದ್ದು, ಗಟ್ಟಿಯಾಗಿ ಕಾಗದ ಓದಿದ್ದು, ಉಗುರು, ಹೆಬ್ಬೆರಳು. ಎಲ್ಲವನ್ನೂ ಬರೆದಿದ್ದೀಯ, ಒಂದನ್ನು ಬಿಟ್ಟು. ಬರೆಯಬೇಡ ಎಂದು ಅವರೇ ಹೇಳಿರುತ್ತಾರೆ, ಗೊತ್ತು. ನಾನೋ, ಅಪ್ಪನ ಕಣ್ಣಿಗೆ ಹಾಕು ಎಂದು ಬರೆದ ಜಾಣ.

ಕಣ್ಣಿಲ್ಲದೆ ಆ ಎಂಜಿನ್ನನ್ನು ಜೋಡಿಸಿದ್ದಾರೆ. ಕಣ್ಣಿಲ್ಲದೆ ನನ್ನ ನಾಲ್ಕು ಸಾಲಿನೊಳಗೆ ಏನಿದೆ ಎಂದು ಕಂಡಿದ್ದಾರೆ. ಪಕ್ಕದಲ್ಲಿ ನೀನು ಇಷ್ಟು ದಿನ ಒಬ್ಬಳೇ ಇದನ್ನು ಹೊತ್ತು, ಎಲ್ಲರೂ ಆರೋಗ್ಯ ಎಂದು ಬರೆದಿದ್ದೀಯ. ನಿಮ್ಮಿಬ್ಬರಲ್ಲಿ ಯಾರಿಗೆ ಮೊದಲು ಕೈ ಮುಗಿಯಲಿ?

ಕ್ಯಾಪ್ಟನ್ ಹತ್ತಿರ ಹೋಗಿ, ಒಂದು ಸಲ ಸೀಟಿ ಊದಿಸಿ ಎಂದು ಕೇಳಿಕೊಂಡೆ. ಯಾಕೆ ಎಂದರು. “ನಮ್ಮಪ್ಪನಿಗೆ ಹಡಗು ಯಾವ ಕಡೆ ಇದೆ ಅಂತ ಗೊತ್ತಾಗಬೇಕು ಸಾರ್” ಎಂದೆ. ಅವರು ನನ್ನ ಮುಖ ನೋಡಿ, ಹಗ್ಗವನ್ನು ನನ್ನ ಕೈಗೇ ಕೊಟ್ಟರು.

ಎಳೆದೆ. ಸದ್ದು ನೀರಿನ ಮೇಲೆ ಹಾದು ದಡ ಮುಟ್ಟಿದ್ದು ಇನ್ನೊಂದು ಕೈಯಲ್ಲಿ ಹಿಡಿದ ದುರ್ಬೀನಿನಲ್ಲಿ ನನಗೆ ಕಂಡಿತು. ಅಪ್ಪ ಬೀಸುತ್ತಿದ್ದ ಕೈಯನ್ನು ಇಳಿಸಿದರು. ತಲೆ ವಾರೆ ಮಾಡಿ ಕೇಳಿದರು. ನಿನ್ನ ಕೈಯನ್ನು ಭುಜದಿಂದ ಬಿಡಿಸಿಕೊಂಡು, ತಾವೇ ಒಂದು ಹೆಜ್ಜೆ ಮುಂದೆ ಬಂದು, ನೇರ ನನ್ನ ಕಡೆ ಮುಖ ಮಾಡಿ ನಿಂತರು. ಏನೋ ಕೂಗಿದರು. ನೀನು ನಕ್ಕೆ. ನನಗೆ ಕೇಳಿಸಲಿಲ್ಲ.

ದೋಣಿ ಬಂತು. ಇಳಿಯುತ್ತಿದ್ದೇನೆ.